ಹದಿನೇಳನೇ ಟೇಬಲಿನ ಫಲಿತಾಂಶ

ನನ್ನನ್ನು ಯಾರೂ ನಿವೃತ್ತಿಗೊಳಿಸಲಿಲ್ಲ. ಶಾಲು ಹೊದಿಸಲಿಲ್ಲ, ನಾಲ್ಕು ಒಳ್ಳೆಯ ಮಾತು ಆಡಲಿಲ್ಲ. ಫೋನು ಬರುವುದು ನಿಂತಿತು, ಅಷ್ಟೆ. ಮೊದಲ ಎರಡು ತಿಂಗಳು ಫೋನೇ ಕೆಟ್ಟಿರಬೇಕೆಂದು ಚಿಂತೆ ಹತ್ತಿ, ವಡೋದರಾದ ಗೋರ್ವಾದಲ್ಲಿ ನಮ್ಮ ಓಣಿಯ ಅಂಗಡಿಗೆ ಒಯ್ದು ತೋರಿಸಿದೆ. ಅಂಗಡಿಯವನು ತನ್ನ ಫೋನಿನಿಂದ ನನಗೆ ಕರೆ ಮಾಡಿದ. ಚೆನ್ನಾಗಿಯೇ ರಿಂಗಾಯಿತು. "ಯಾರೂ ಮಾಡ್ತಿಲ್ಲ ಅಂಕಲ್, ಅದಕ್ಕೆ ನಾನೇನು ರಿಪೇರಿ ಮಾಡಲಿ" ಎಂದ. ಹೀಗೆ ಐವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಚೆಸ್ ತೀರ್ಪುಗಾರಿಕೆಯಿಂದ ನಿವೃತ್ತನಾಗಿದ್ದೇನೆಂಬುದು ನನಗೆ ತಿಳಿಯಿತು.

ಹೊಟ್ಟೆಪಾಡಿನ ನೌಕರಿ ಬೇರೆ ಇದೆ. ಕೊಯಾಲಿಯ ಕಡೆ ಒಂದು ಪ್ರಯೋಗಾಲಯದಲ್ಲಿ ಎಣ್ಣೆಯ ಮಾದರಿಗಳನ್ನು ಪರೀಕ್ಷಿಸುವುದು. ಅದು ಇನ್ನೂ ನಡೆದಿದೆ. ಆದರೆ ಇಪ್ಪತ್ತೆರಡು ವರ್ಷಗಳ ಶನಿವಾರ, ಭಾನುವಾರ, ಹಬ್ಬದ ರಜೆಗಳನ್ನೆಲ್ಲ ನಾನು ವಡೋದರಾ, ಅಹಮದಾಬಾದ್, ಸೂರತ್‌ಗಳ ಚೆಸ್ ಟೂರ್ನಮೆಂಟುಗಳಿಗೆ ಕೊಟ್ಟವನು. ನನ್ನ ಹೆಂಡತಿ ಸುಮಂಗಲಾ ಧಾರವಾಡದವಳು, ಬಾಯಿ ಬಿಗಿ ಹಿಡಿಯುವ ಪೈಕಿ ಅಲ್ಲ. "ಆಡೋರು ತಣ್ಣಗ ಕುಂತಿರ್ತಾರ. ನಡುವ ಅಡ್ಡಾಡೋ ನೀವ್ಯಾಕ ಹಂಗ ಬೆವರತೀರಿ?" ಎಂದು ಕೇಳುತ್ತಿದ್ದಳು. ಉತ್ತರ ಸುಲಭ. ಆಡುವವನಿಗೆ ಒಂದೇ ಬೋರ್ಡಿನ ಚಿಂತೆ, ನನಗೆ ಅರವತ್ತು ಬೋರ್ಡುಗಳದ್ದು.

ಈಚೆಗೆ ತೀರ್ಪುಗಾರರ ಪರೀಕ್ಷೆ ಪಾಸಾದ ಕೆಲವು ಹೊಸಬರು, ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದ್ದಾರೆ. ನಿಯಮಗಳ ಪುಸ್ತಕ ಅವರಿಗೆ ನನಗಿಂತ ಚೆನ್ನಾಗಿ ಬಾಯಿಪಾಠವಾಗಿದೆ. ಹಾಗಾಗಿ ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆ, ಅದನ್ನು ಮುಚ್ಚಿಡುವ ಇರಾದೆ ಇಲ್ಲ.

ಸಿಟ್ಟಿಗೆ ಮುಂಚೆ ನನ್ನ ದೊಡ್ಡ ಎಡವಟ್ಟನ್ನು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನೇನೋ ಭಾರೀ ಮನುಷ್ಯನೆಂದು ನೀವು ತಿಳಿದೀರಿ. ಕೀಲಿ ಕೊಡುವ ಗಡಿಯಾರಗಳು ಹೋಗಿ ಡಿಜಿಟಲ್ ಗಡಿಯಾರಗಳು ಬಂದ ಹೊಸತು. ವಡೋದರಾದಲ್ಲಿ ಟೂರ್ನಮೆಂಟ್. ಪ್ರತಿ ಆಟಗಾರನಿಗೆ ಒಂದೂವರೆ ಗಂಟೆ. ನಾನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ನಲವತ್ತು ಗಡಿಯಾರಗಳನ್ನೂ ಒಬ್ಬನೇ ಹೊಂದಿಸಿ, ಎರಡು ಸುತ್ತು ಬಂದು ಪರೀಕ್ಷಿಸಿದೆ. ಎಲ್ಲದರಲ್ಲೂ ಒಂದು, ಚುಕ್ಕೆ, ಮೂವತ್ತು. ಆಟ ಶುರುವಾಯಿತು. ಮೂರು ನಿಮಿಷದೊಳಗೆ ನಲವತ್ತು ಗಡಿಯಾರಗಳೂ ಒಂದರ ಹಿಂದೊಂದು ಕಿರುಚಿಕೊಂಡವು. ನಾನು ಗಂಟೆಯ ಬದಲು ನಿಮಿಷ ಹಾಕಿದ್ದೆ. ಎಂಬತ್ತು ಜನ ತಲೆ ಎತ್ತಿ ನನ್ನನ್ನು ನೋಡಿದರು. ಮುಖ್ಯ ತೀರ್ಪುಗಾರರಾಗಿದ್ದ ತ್ರಿವೇದಿ ಸಾಹೇಬರು ಮೈಕಿನಲ್ಲಿಯೇ, "ಕುಲಕರ್ಣಿ ಭಾಯ್‌ಗೆ ಇವತ್ತು ಬೇಗ ಮನೆಗೆ ಹೋಗಬೇಕಂತೆ" ಎಂದರು. ಅವತ್ತಿನಿಂದ ನಾನು ಪ್ರತಿ ಗಡಿಯಾರವನ್ನೂ ಮೂರು ಸಲ ನೋಡುವವನಾದೆ. ಗಡಿಯಾರಗಳನ್ನು ಮಾತ್ರ. ಮನುಷ್ಯರನ್ನು ನೋಡುವುದು ಇನ್ನೂ ಬಾಕಿ ಇತ್ತು.

ಗಡಿಯಾರಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಜೋಡಿ ಹಾಕುವ ಪದ್ಧತಿಯಲ್ಲಿ. ಮೊದಲು ಪ್ರತಿ ಆಟಗಾರನಿಗೆ ಒಂದು ಕಾರ್ಡು. ಅದರಲ್ಲಿ ಹೆಸರು, ಊರು, ಅಂಕ. ಕಾರ್ಡುಗಳನ್ನು ನೆಲದ ಮೇಲೆ ಹರಡಿ, ಮಂಡಿ ಊರಿ, ಯಾರಿಗೆ ಯಾರು ಎಂದು ಹೊಂದಿಸುತ್ತಿದ್ದೆವು. ಮಂಡಿ ನೋಯುತ್ತಿತ್ತು, ಆದರೆ ಹೆಸರುಗಳು ಮನಸ್ಸಿನಲ್ಲಿ ಉಳಿಯುತ್ತಿದ್ದವು. ಈಗ ಕಂಪ್ಯೂಟರ್. ಪರದೆಯ ಮೇಲೆ ಪ್ರತಿ ಹೆಸರಿನ ಪಕ್ಕದಲ್ಲಿ ರೇಟಿಂಗ್. ರೇಟಿಂಗ್ ಎಂದರೆ ಹಿಂದಿನ ಗೆಲುವು ಸೋಲುಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆ. ನಿನ್ನೆಯವರೆಗೆ ಏನಾಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಆದರೆ ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ, ಇವತ್ತು ಏನಾಗಬೇಕು ಎಂದೂ ಅದೇ ಹೇಳುತ್ತದೆಂದು ನಾವು ನಂಬಿಬಿಟ್ಟೆವು. ಹೆಚ್ಚಿನ ಸಂಖ್ಯೆಯವನು ಗೆದ್ದರೆ ಅದು ಫಲಿತಾಂಶ. ಕಡಿಮೆ ಸಂಖ್ಯೆಯವನು ಗೆದ್ದರೆ ಅದು ದೂರು.

ಅದೇಕೆ ಹೀಗೆನ್ನುತ್ತೇನೆ ಎಂದರೆ, ಸೂರತ್‌ನಲ್ಲಿ ಒಂದು ಬಟ್ಟೆ ಮಾರ್ಕೆಟ್ಟಿನ ಮೇಲಿನ ಮಹಡಿಯಲ್ಲಿ ಪಂದ್ಯ ನಡೆದಿತ್ತು. ಒಬ್ಬ ಶಾಲಾ ಶಿಕ್ಷಕಿ, ರೇಟಿಂಗ್ ಬಹಳ ಕಡಿಮೆ, ತನಗಿಂತ ಆರುನೂರು ಹೆಚ್ಚಿದ್ದವನನ್ನು ಸೋಲಿಸಿದರು. ಐದೇ ನಿಮಿಷದಲ್ಲಿ ಸೋತವನ ದೂರು ಬಂತು: ಈಕೆ ಎಲ್ಲೋ ಯಂತ್ರ ಬಚ್ಚಿಟ್ಟುಕೊಂಡಿದ್ದಾಳೆ. ಕಿವಿಯಲ್ಲಿ ಸಣ್ಣ ಯಂತ್ರ ಇಟ್ಟುಕೊಂಡು ಆಡುವವರ ಸುದ್ದಿಗಳು ಆಗ ಎಲ್ಲ ಕಡೆ. ತ್ರಿವೇದಿ ಸಾಹೇಬರು ಪರೀಕ್ಷಿಸಿ ಎಂದರು. ನಾನು ಒಬ್ಬ ಕಾರ್ಯಕರ್ತೆಯನ್ನು ಕರೆಸಿ, ಪರದೆಯ ಹಿಂದೆ ಆಕೆಯ ದುಪಟ್ಟಾ ಕೊಡವಿಸಿ, ಕೂದಲಿನ ಪಿನ್ನುಗಳನ್ನು ಒಂದೊಂದಾಗಿ ತೆಗೆಸಿದೆ. ಏನೂ ಸಿಗಲಿಲ್ಲ. ಆಕೆ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೂದಲು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಕೊನೆಯ ಪಿನ್ನು ಸಿಕ್ಕಿಸಿದ ಮೇಲೆ ಕೇಳಿದರು: "ಸರ್, ನಾನು ಸೋತಿದ್ದರೆ ಪಿನ್ ತೆಗೆಸ್ತಿದ್ರಾ?"

ನಿಯಮದ ಪ್ರಕಾರ, ಸಂಶಯ ಬಂದಾಗ, ಯಾರನ್ನೇ ಆಗಲಿ ಎಂದು ಏನೇನೋ ಅಂದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಇಲ್ಲ" ಎಂದು ಹೇಳಿ ಮುಂದಿನ ಸುತ್ತಿಗೆ ಹೋಗಿ ಸೋತರು. ಮನೆಗೆ ಬಂದು ಇದನ್ನು ಹೇಳಿದಾಗ ಸುಮಂಗಲಾ ಊಟಕ್ಕೆ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು, "ಸೋತಾಂವನ ಕಿಸೆ ನೋಡಿದ್ರೇನ?" ಎಂದಳು. ನೋಡಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

ಇನ್ನು ಅಹಮದಾಬಾದಿನ ಸಂಗತಿ. ನನ್ನ ಫೋನು ಮೂಕವಾದದ್ದು ಇದರ ನಂತರ.

ಮೂರು ದಿನಗಳ ಟೂರ್ನಮೆಂಟ್. ಕೊನೆಯ ದಿನ ಬೆಳಿಗ್ಗೆ ಆರನೇ ಸುತ್ತು, ಮಧ್ಯಾಹ್ನ ಏಳನೆಯದು. ತ್ರಿವೇದಿ ಸಾಹೇಬರೇ ಮುಖ್ಯರು. ಕಂಪ್ಯೂಟರ್ ಮತ್ತು ಕೊನೆಗೆ ಕಳಿಸುವ ವರದಿ ನನ್ನ ಪಾಲಿಗೆ. ಆರನೇ ಸುತ್ತಿನಲ್ಲಿ ಹದಿನೇಳನೇ ಟೇಬಲಿನಲ್ಲಿ ಬಿಳಿ ಕಾಯಿಗಳಿಗೆ ಹಾರ್ದಿಕ್ ಸರ್. ಮೂವತ್ತರ ಆಸುಪಾಸು, ನಗರದಲ್ಲಿ ದೊಡ್ಡ ಚೆಸ್ ಕ್ಲಾಸು ನಡೆಸುವವರು, ರೇಟಿಂಗ್ ಎರಡು ಸಾವಿರದ ಮೇಲೆ. ಕಪ್ಪು ಕಾಯಿಗಳಿಗೆ ಮನಸುಖಭಾಯ್. ವಟ್ವಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ಆಪರೇಟರ್, ಐವತ್ತರ ಮೇಲಿನ ವಯಸ್ಸು, ರೇಟಿಂಗ್ ಸಾವಿರದ ನಾನೂರು ಚಿಲ್ಲರೆ.

ಮನಸುಖಭಾಯ್ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದರು. ಹಾರ್ದಿಕ್ ಹತ್ತು ನಿಮಿಷ ತಡವಾಗಿ ಬಂದು, ನಾಲ್ಕು ನಡೆ ಆಡಿ, ಕೈ ಎತ್ತಿ ನನ್ನನ್ನು ಕರೆದರು. "ಸರ್, ಇವರ ಬೆರಳು ನೋಡಿ. ಕಾಯಿಗಳೆಲ್ಲ ನೀಲಿ ಆಗ್ತವೆ."

ನಿಜಕ್ಕೂ ಹತ್ತು ಬೆರಳೂ ಉಗುರಿನ ಬುಡದವರೆಗೆ ನೀಲಿ. ಮನಸುಖಭಾಯ್ ಎರಡೂ ಕೈಗಳನ್ನು ಶಾಲೆಯಲ್ಲಿ ಉಗುರು ತೋರಿಸುವವರ ಹಾಗೆ ಚಾಚಿ, "ಇದು ಹೋಗೋ ಬಣ್ಣ ಅಲ್ಲ ಸಾಹೇಬ್. ಇಪ್ಪತ್ತು ವರ್ಷದಿಂದ ತೊಳೀತಿದ್ದೀನಿ" ಎಂದರು. ನಾನು ನನ್ನ ಕರವಸ್ತ್ರ ಒದ್ದೆ ಮಾಡಿ ಅವರ ಹೆಬ್ಬೆರಳಿಗೆ ಉಜ್ಜಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. "ಆಟ ಮುಂದುವರಿಸಿ" ಎಂದೆ. ಆ ದಿನ ನಾನು ತಡಮಾಡದೆ ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಆಟ ಮುಗಿದ ಮೇಲೆ ಇಬ್ಬರು ರಾಜರನ್ನೂ ಬೋರ್ಡಿನ ನಡುವೆ ಇಡುವ ಪದ್ಧತಿ ನಮ್ಮಲ್ಲಿದೆ. ಇಬ್ಬರೂ ಬಿಳಿ ಮನೆಗಳಲ್ಲಿದ್ದರೆ ಬಿಳಿಯ ಗೆಲುವು, ಕಪ್ಪು ಮನೆಗಳಲ್ಲಿದ್ದರೆ ಕಪ್ಪಿನ ಗೆಲುವು. ದೂರದಿಂದಲೇ ಗೊತ್ತಾಗುತ್ತದೆ. ನಾನು ಹದಿನೇಳನೇ ಟೇಬಲಿನ ಬಳಿ ಹೋಗುವಾಗ ಹಾರ್ದಿಕ್ ಎದ್ದು ಹೋಗಿದ್ದರು. ಮನಸುಖಭಾಯ್ ಎಲ್ಲ ಕಾಯಿಗಳನ್ನೂ ಮೊದಲಿನ ಜಾಗಗಳಲ್ಲಿ ಜೋಡಿಸಿ, ಕುದುರೆಗಳ ಮುಖ ಒಂದೇ ದಿಕ್ಕಿಗೆ ತಿರುಗಿಸಿ, ಮೇಜನ್ನು ಅಂಗೈಯಲ್ಲಿ ಒರೆಸುತ್ತಿದ್ದರು. ಮುಂದಿನ ಪಾಳಿಯವನಿಗೆ ಯಂತ್ರವನ್ನು ಚೊಕ್ಕವಾಗಿ ಒಪ್ಪಿಸುವ ಅಭ್ಯಾಸ. ರಾಜರ ಗುರುತು ಉಳಿದಿರಲಿಲ್ಲ. ಗಡಿಯಾರ ನಿಲ್ಲಿಸಿದೆ, ಕಪ್ಪಿಗೆ ಇನ್ನೂ ಅರ್ಧ ಗಂಟೆ ಉಳಿದಿತ್ತು. ಫಲಿತಾಂಶದ ಚೀಟಿ ಆಗಲೇ ನನ್ನ ಮೇಜಿಗೆ ಬಂದಿತ್ತು: ಬಿಳಿ ಒಂದು, ಕಪ್ಪು ಸೊನ್ನೆ, ಕೆಳಗೆ ಇಬ್ಬರ ಸಹಿ. ಪರದೆಯಲ್ಲಿ ಎರಡು ಸಾವಿರ, ಸಾವಿರದ ನಾನೂರು. ಸರಿಯೇ ಇದೆ. ಟೈಪ್ ಮಾಡಿದೆ. ಗಡಿಯಾರಗಳನ್ನು ಮೂರು ಸಲ ನೋಡುವ ನಾನು ಆ ಚೀಟಿಯನ್ನು ಒಂದೇ ಸಲ ನೋಡಿದೆ.

ಊಟದ ಹೊತ್ತಿಗೆ ಏಳನೇ ಸುತ್ತಿನ ಜೋಡಿಗಳ ಪಟ್ಟಿ ಗೋಡೆಗೆ ಅಂಟಿತು. ಸ್ವಲ್ಪ ಹೊತ್ತಿಗೆ ಮನಸುಖಭಾಯ್ ನನ್ನ ಮೇಜಿನ ಮುಂದೆ ನಿಂತಿದ್ದರು.

"ಸಾಹೇಬ್, ನನ್ನ ಅಂಕ ಒಂದು ಕಡಿಮೆ ಬಂದಿದೆ."

"ನೀವು ಬೆಳಿಗ್ಗೆ ಸೋತಿರಲ್ಲ."

"ಇಲ್ಲ ಸಾಹೇಬ್. ಗೆದ್ದೆ."

ಚೀಟಿ ತೆಗೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಸಹಿ ನನ್ನದೇ. ಆದ್ರೆ ಇದು ಬೆಳಿಗ್ಗೆ ಬಂದ ಕೂಡ್ಲೆ ಹಾಕಿದ್ದು. ಹಾಜರಿ ಅಲ್ವಾ ಇದು?"

ಕಾರ್ಖಾನೆಯ ಗೇಟಿನಲ್ಲಿ ಒಳಗೆ ಹೋಗುವಾಗ ಸಹಿ. ಇಪ್ಪತ್ತು ವರ್ಷಗಳ ಅಭ್ಯಾಸ. ಮೊದಲ ಐದು ಸುತ್ತುಗಳಲ್ಲೂ ಹಾಗೆಯೇ ಮೊದಲೇ ಸಹಿ ಹಾಕಿದ್ದರಂತೆ. ಎದುರಾಳಿಗಳು ನೆಟ್ಟಗೆ ತುಂಬಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. "ಆಟ ಮುಗಿದ ಮೇಲೆ ಅವರು 'ಕೊಡಿ ಕಾಕಾ, ನಾನೇ ಕೊಟ್ಟು ಬರ್ತೀನಿ' ಅಂದ್ರು. ಕೊಟ್ಟೆ" ಎಂದರು.

ಚೀಟಿ ಹಿಡಿದುಕೊಂಡು ತ್ರಿವೇದಿ ಸಾಹೇಬರ ಬಳಿ ಹೋದೆ.

"ಸಹಿ ಅವನದೇ ತಾನೇ?" ಎಂದರು ಅವರು.

"ಅವರದೇ. ಆದರೆ ಆಟಕ್ಕೆ ಮುಂಚೆ ಹಾಕಿದ್ದು, ಹಾಜರಿ ಅಂತ ತಿಳಿದು."

"ಹಾಜರಿ." ಸಾಹೇಬರು ಚಹಾ ಕೆಳಗಿಟ್ಟು ನಕ್ಕರು. "ಕುಲಕರ್ಣಿ ಭಾಯ್, ಹದಿನಾಲ್ಕು ನೂರರವನು ಎರಡು ಸಾವಿರದವನನ್ನ ಹೊಡೆದೆ ಅಂತಾನೆ. ಸೋತ ಮೇಲೆ ನೆನಪಾಯ್ತು. ನೀವು ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದೀರಿ? ಪಟ್ಟಿ ಅಂಟಿಸಿ ಆಯ್ತು, ಮುಗೀತು."

ನೋಡಿ, ಆ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಎನ್ನಲು ಅವರ ಬಳಿ ಇದ್ದ ಒಂದೇ ಆಧಾರ ಅವನ ರೇಟಿಂಗು. ಅದು ಅವರಿಗೆ ಸಾಕಾಗಿತ್ತು. ಬೆಳಿಗ್ಗೆ ನನಗೂ ಸಾಕಾಗಿತ್ತಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಏಳನೇ ಸುತ್ತು ಶುರುವಾಯಿತು. ಮನಸುಖಭಾಯ್ ಒಂದು ಅಂಕ ಕಡಿಮೆ ಹೊತ್ತುಕೊಂಡೇ ಹೋಗಿ ಕೂತರು. ನಾನು ನಡೆಗಳನ್ನು ಬರೆದಿಡುವ ಹಾಳೆಗಳ ಕಟ್ಟು ಬಿಚ್ಚಿದೆ. ಪ್ರತಿಯೊಬ್ಬ ಆಟಗಾರನೂ ತನ್ನ ಮತ್ತು ಎದುರಾಳಿಯ ನಡೆಗಳನ್ನು ಬರೆದುಕೊಳ್ಳಬೇಕು, ಹಾಳೆಯನ್ನು ನಮಗೆ ಒಪ್ಪಿಸಬೇಕು. ಹದಿನೇಳನೇ ಟೇಬಲಿನ ಎರಡೂ ಹಾಳೆ ಸಿಕ್ಕವು. ಮನಸುಖಭಾಯಿಯ ಹಾಳೆಯ ಕೆಳಗೆ ಗುಜರಾತಿಯಲ್ಲಿ 'ಕಪ್ಪು ಗೆದ್ದಿತು' ಎಂದಿತ್ತು. ಅದನ್ನು ಪಕ್ಕಕ್ಕಿಟ್ಟೆ. ಹಾರ್ದಿಕ್‌ರ ಹಾಳೆಯ ಕೆಳಗೆ ಫಲಿತಾಂಶದ ಜಾಗ ಖಾಲಿ. ಒಳಕೋಣೆಯಲ್ಲಿ ಬೋರ್ಡು ಹರಡಿ, ಅವರದೇ ಅಕ್ಷರದಲ್ಲಿದ್ದ ನಡೆಗಳನ್ನು ಒಂದೊಂದಾಗಿ ಆಡಿದೆ. ಮೂವತ್ತೆಂಟನೆಯ ನಡೆಯಲ್ಲಿ ಕಪ್ಪು ಕುದುರೆ ಬಂದು ರಾಜನಿಗೆ ಚೆಕ್. ರಾಜನಿಗೆ ಮೂಲೆ ಬಿಟ್ಟು ಬೇರೆ ಜಾಗವಿಲ್ಲ. ಮೂಲೆಗೆ ಹೋದರೆ ಕಪ್ಪು ರಾಣಿ ಎದುರಿಗೇ ಬಂದು ಕೂರುತ್ತದೆ, ಮೇಟ್. ಹಾಳೆ ಅಲ್ಲಿಗೆ ನಿಂತಿತ್ತು, ಎಂದರೆ ಬಿಳಿ ಅಲ್ಲೇ ಸೋಲೊಪ್ಪಿಕೊಂಡಿತ್ತು. ತಪ್ಪೇನಾದರೂ ಮಾಡಿದೆನೋ ಎಂದು ಇನ್ನೊಮ್ಮೆ ಆಡಿದೆ. ತ್ರಿವೇದಿ ಸಾಹೇಬರನ್ನು ಕರೆದು ತಂದು ಅವರ ಕಣ್ಣೆದುರಿಗೆ ಮೂರನೇ ಸಲ ಆಡಿದೆ.

ಅವರು ಬೋರ್ಡನ್ನು ನೋಡಿದರು, ಬಾಗಿಲನ್ನು ನೋಡಿದರು, ಬಾಗಿಲು ಹಾಕಿ ಬಂದರು. ಒಳಗೆ ಅವರಿಗೂ ಗೊತ್ತಾಗಿತ್ತು.

"ಒಂದು ಕೆಲಸ ಮಾಡೋಣ" ಎಂದರು. "ಡ್ರಾ ಅಂತ ಬರೀರಿ. ಅರ್ಧ ಅರ್ಧ. ಹಾರ್ದಿಕ್‌ದೂ ಮರ್ಯಾದೆ ಉಳೀತು, ಕಾಕಾಗೂ ಖುಷಿ. ಅವನ ರೇಟಿಂಗ್‌ಗೆ ಡ್ರಾ ಅಂದ್ರೆ ಸಣ್ಣದೇನಲ್ಲ."

ಈ ಮಾತನ್ನು ಹೊಸಬರು ಎರಡು ಸಲ ಓದಬೇಕು. ನಡೆದ ಆಟ ಮೇಜಿನ ಮೇಲಿದೆ. ಯಾರು ಗೆದ್ದರೆಂದು ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತು. ಅಂಥ ಹೊತ್ತಿನಲ್ಲಿ ಮುಖ್ಯ ತೀರ್ಪುಗಾರ, ಕಡಿಮೆಯವನಿಗೆ ಅರ್ಧ ಸಿಕ್ಕರೆ ಅದೇ ಹೆಚ್ಚು ಎನ್ನುತ್ತಾರೆ. ದುಷ್ಟತನದಿಂದಲ್ಲ, ಸಮಾಧಾನ ಮಾಡಿಸುವ ಹಿರಿಯರ ಧ್ವನಿಯಲ್ಲಿ. ನನ್ನ ಸಿಟ್ಟಿನ ಮೂಲ ಇಲ್ಲಿದೆ.

ಸುತ್ತು ಮುಗಿದ ಮೇಲೆ ಹಾರ್ದಿಕ್ ನೀರಿನ ಯಂತ್ರದ ಬಳಿ ಸಿಕ್ಕರು. ಅವರ ಹಾಳೆಯನ್ನೇ ಅವರ ಕೈಗೆ ಕೊಟ್ಟೆ.

"ಕೈ ತಾನಾಗಿ ಬರೀತು ಸರ್" ಎಂದರು. "ನಾನು ಬಿಳಿ, ಎದುರಿಗೆ ಹದಿನಾಲ್ಕು ನೂರು. ಅಭ್ಯಾಸ."

"ಬರೆದ ಮೇಲೆ ನೋಡಲಿಲ್ವಾ?"

ಲೋಟ ತುಂಬಿ ನೀರು ಅವರ ಕೈಮೇಲೆ ಹರಿಯಿತು. "ನೋಡಿದೆ. ಹೊರಗೆ ನನ್ನ ಕ್ಲಾಸಿನ ಪೇರೆಂಟ್ಸ್ ನಿಂತಿದ್ರು. 'ಗೆದ್ರಾ ಸರ್' ಅಂದ್ರು. ಹೌದು ಅಂದುಬಿಟ್ಟೆ. ಆಮೇಲೆ ಹೇಗೆ ಸರ್ ವಾಪಸ್ ಬರಲಿ?"

"ಹೀಗೇ, ಕಾಲಿಂದ ನಡೆದು" ಎಂದೆ. ಇಪ್ಪತ್ತೆರಡು ವರ್ಷಗಳಲ್ಲಿ ಆಟಗಾರನೊಬ್ಬನಿಗೆ ನಾನಾಡಿದ ಅತ್ಯಂತ ಒರಟು ಮಾತು ಅದು. ಅವರು ಬರಲಿಲ್ಲ.

ಬಂದವರು ಮನಸುಖಭಾಯ್. ತ್ರಿವೇದಿ ಸಾಹೇಬರು ಕರೆಸಿದ್ದರು. ಕುರ್ಚಿ ಹಾಕಿಸಿ, ಚಹಾ ತರಿಸಿ, ಡ್ರಾ ವಿಷಯವನ್ನು ಬಹಳ ನಯವಾಗಿ ಹೇಳಿದರು. ಮನಸುಖಭಾಯ್ ಚಹಾ ಮುಗಿಸಿ, ಕಪ್ಪನ್ನು ಬಸಿಯ ನಟ್ಟನಡುವೆ ಇಟ್ಟರು.

"ಅರ್ಧ ಬೇಡ ಸಾಹೇಬ್."

"ಅರೇ ಕಾಕಾ, ಇಲ್ಲದಿದ್ರೆ ಸೊನ್ನೆ."

"ಸೊನ್ನೆ ಬರೀರಿ ಹಾಗಾದ್ರೆ. ನಾನೇ ಮೊದಲು ಸಹಿ ಹಾಕಿದ್ದು, ತಪ್ಪು ನನ್ನದು, ಸೋತೆ ಅಂದ್ಕೊತೀನಿ. ಆದ್ರೆ ಡ್ರಾ ಯಾರು ಆಡಿದ್ರು? ಅವರೂ ಆಡಿಲ್ಲ, ನಾನೂ ಆಡಿಲ್ಲ. ಆಡದೇ ಇರೋದನ್ನ ಹೇಗೆ ಬರೀತೀರಿ?"

ಸಾಹೇಬರು ನನ್ನತ್ತ ತಿರುಗಿ, ನೋಡಿದಿರಾ ಹಟ ಎಂಬಂತೆ ಕೈ ಚೆಲ್ಲಿದರು. ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ನಾನು ಧೈರ್ಯವಂತನಲ್ಲ. ಮನೆ ಬಿಡುವಾಗ ಗ್ಯಾಸು ಆರಿಸಿದ್ದೇನೋ ಇಲ್ಲವೋ ಎಂದು ಮೂರನೇ ಮಹಡಿಗೆ ಎರಡು ಸಲ ಹತ್ತಿ ಇಳಿಯುವವನು. ಮುಂದಿನ ಟೂರ್ನಮೆಂಟಿಗೆ ಕರೆಯುತ್ತಾರೋ ಇಲ್ಲವೋ ಎಂಬ ಲೆಕ್ಕಾಚಾರ ಆ ಕ್ಷಣದಲ್ಲೂ ತಲೆಯಲ್ಲಿ ಓಡುತ್ತಿತ್ತು. ಓಡುತ್ತಲೇ ಇತ್ತು, ಕೈ ಹೋಗಿ ಹದಿನೇಳನೇ ಟೇಬಲ್ ತೆರೆದು ಬಿಳಿಗೆ ಸೊನ್ನೆ, ಕಪ್ಪಿಗೆ ಒಂದು ಹಾಕಿತು. ಮುದ್ರಿಸಿದೆ. ಎರಡೂ ಹಾಳೆಗಳ ಚಿತ್ರ ತೆಗೆದು ವರದಿಗೆ ಲಗತ್ತಿಸಿದೆ. ಚೀಟಿಯನ್ನು ಪರಿಶೀಲಿಸದೆ ದಾಖಲಿಸಿದ ತಪ್ಪು ನನ್ನದು ಎಂದೂ ಬರೆದೆ.

"ಈ ಕಾಗದಕ್ಕೆ ನನ್ನ ಸಹಿ ಬೀಳೋದಿಲ್ಲ" ಎಂದರು ಸಾಹೇಬರು.

"ಬೇಡ ಸಾಹೇಬ್. ನನ್ನದು ಹಾಕಿದ್ದೀನಿ."

"ವಿಚಾರ ಮಾಡಿ ಕುಲಕರ್ಣಿ ಭಾಯ್. ಇನ್ನೂ ಬಹಳ ಟೂರ್ನಮೆಂಟ್ ಇವೆ."

ಇದ್ದವು. ಈಗಲೂ ಇವೆ. ವಡೋದರಾದಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಕಳೆದ ತಿಂಗಳು ಒಂದು ಆಯಿತು. ನಾನು ಪ್ರೇಕ್ಷಕರ ಹಗ್ಗದ ಆಚೆ ನಿಂತು ಗಡಿಯಾರಗಳನ್ನು ನೋಡಿ ಬಂದೆ. ಸರಿಯಾಗಿಯೇ ಹೊಂದಿಸಿದ್ದರು. "ಕರೀಲಿಲ್ಲಂತ ಬ್ಯಾಸರ ಏನ?" ಎಂದಳು ಸುಮಂಗಲಾ. ಹೌದು ಎಂದೆ. ಆಕೆ ಚೇಷ್ಟೆ ಮಾಡಲಿಲ್ಲ.

ವರದಿಯನ್ನು ಮೇಲಿನವರು ಯಾರು ಓದಿದರೋ ಗೊತ್ತಿಲ್ಲ, ಒಪ್ಪಿಕೊಂಡರು. ರೇಟಿಂಗಿನ ಮುಂದಿನ ಪಟ್ಟಿಯಲ್ಲಿ ಆ ಆಟ ಮನಸುಖಭಾಯಿಯ ಗೆಲುವೆಂದೇ ಬಂತು. ಫೋನ್ ಮಾಡಿದೆ. ಅವರ ಹಿಂದೆ ಯಾವುದೋ ಯಂತ್ರ ಗರಗರ ತಿರುಗುತ್ತಿತ್ತು.

"ಬಂದಿದೆ ಮನಸುಖಭಾಯ್. ಗೆಲುವು ಅಂತ."

"ಒಳ್ಳೇದಾಯ್ತು ಸಾಹೇಬ್." ಸ್ವಲ್ಪ ದೂರ ನಡೆದರೆಂದು ಕಾಣುತ್ತದೆ, ಸದ್ದು ಕಡಿಮೆಯಾಯಿತು. "ಒಂದು ಕೇಳಲಾ? ನೀವು ಆ ಆಟ ಪೂರ್ತಿ ಆಡಿ ನೋಡಿದ್ರಿ ಅಲ್ವಾ?"

"ಮೂರು ಸಲ."

"ಇಪ್ಪತ್ತೊಂದನೇ ನಡೆ ನೋಡಿದ್ರಾ? ನಾನು ಕುದುರೆ ಎತ್ತಿದ್ದು?"

"ಯಾಕೆ?"

"ಎತ್ತಿದ ಮೇಲೆ ಗೊತ್ತಾಯ್ತು, ಅವರ ಒಂಟೆಗೆ ದಾರಿ ಬಿಟ್ಟುಕೊಟ್ಟಿದ್ದೆ. ನನ್ನ ಆನೆ ಬಿಟ್ಟಿ ಹೋಗ್ತಿತ್ತು. ಎರಡು ನಿಮಿಷ ಉಸಿರು ಹಿಡಿದು ಕೂತಿದ್ದೆ. ಅವರು ನೋಡಲೇ ಇಲ್ಲ. ನೀವಿಬ್ಬರು ಸಾಹೇಬರು ಬೋರ್ಡ್ ಹಾಕಿಕೊಂಡು ನೋಡಿದ್ರಿ ಅಂತ ಕೇಳಿದೆ. ಹಾಗಾದ್ರೆ ಹೇಳ್ತೀರಿ ಅಂದ್ಕೊಂಡೆ. ಇಷ್ಟು ದಿನದಿಂದ ಕಾಯ್ತಾ ಇದ್ದೀನಿ."

ಫೋನು ಕೆಳಗಿಡದೆ, ವರದಿಯ ಪ್ರತಿಯನ್ನು ಎದುರಿಗಿಟ್ಟುಕೊಂಡು ಒಂದೇ ಕೈಯಲ್ಲಿ ಬೋರ್ಡು ಹರಡಿದೆ. ಮೂರು ಸಲವೂ ನಾನು ನೋಡಿದ್ದು ಈ ಮನುಷ್ಯ ನಿಜವಾಗಿ ಗೆದ್ದನೋ ಇಲ್ಲವೋ ಎಂಬುದನ್ನು. ಹೇಗೆ ಆಡಿದ ಎಂದು ನೋಡಿರಲಿಲ್ಲ. ಇಪ್ಪತ್ತೊಂದನೇ ನಡೆಯವರೆಗೆ ಬಂದೆ, ಕುದುರೆ ಎತ್ತಿದೆ. ಒಂಟೆಯ ದಾರಿ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು.

"ಹೋಗ್ತಿತ್ತು" ಎಂದೆ.

"ಹೋಗ್ತಿತ್ತಲ್ಲ?" ಎಂದರು ಮನಸುಖಭಾಯ್, ಬಹಳ ಸಂತೋಷದಿಂದ. "ಹೇಳಿ ಮತ್ತೆ, ಅಲ್ಲಿ ಏನು ಆಡಬೇಕಿತ್ತು?"